ರೈತನ ಕೈಗೆ ಒಗ್ಗುವ ಅರ್ಜಿ: ಬ್ರಿಟನ್ ಸರ್ಕಾರದ ಸೇವಾ ವಿನ್ಯಾಸಕಾರರ ಕೆಲಸ

ಕೂರಿಗೆ ಮಾಡುವ ಬಡಗಿ ಮರಕ್ಕೆ ಉಳಿ ಹಾಕುವ ಮೊದಲು ರೈತನ ಎತ್ತುಗಳ ಎತ್ತರವನ್ನು ನೋಡುತ್ತಾನೆ. ಬಿತ್ತುವುದು ಜೋಳವೋ ಶೇಂಗಾವೋ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬೇಕು, ಭೂಮಿ ಎರೆಯೋ ಮಸಾರಿಯೋ ಎಂದು ವಿಚಾರಿಸುತ್ತಾನೆ. ಇದನ್ನೆಲ್ಲ ಕೇಳದೆ ಮಾಡಿದ ಕೂರಿಗೆ ನೋಡಲು ಎಷ್ಟೇ ಅಂದವಾಗಿದ್ದರೂ ಹೊಲದಲ್ಲಿ ಉಪಯೋಗಕ್ಕೆ ಬಾರದು.

ಸರ್ಕಾರದ ಅರ್ಜಿ ನಮೂನೆಯೂ ಇಂದು ರೈತನ ಒಂದು ಉಪಕರಣವೇ ಆಗಿದೆ. ಪಹಣಿ, ಬೆಳೆ ವಿಮೆ, ಬೆಳೆ ಸಮೀಕ್ಷೆ, ಸಹಾಯಧನ ಇವೆಲ್ಲವೂ ಗಣಕಯಂತ್ರ ಹಾಗೂ ಮೊಬೈಲ್ ಪರದೆಯ ಮೂಲಕವೇ ನಡೆಯುತ್ತಿವೆ. ನಮೂನೆ ಸರಿಯಾಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ, ಅದು ಸರಿಯಿಲ್ಲದಿದ್ದರೆ ಮೂರು ದಿನ ಅಲೆಯಬೇಕಾಗುತ್ತದೆ. ಬಿತ್ತನೆಯ ಕಾಲದಲ್ಲಿ ಮೂರು ದಿನ ಎಂದರೆ ಎಷ್ಟೆಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ಇಂತಹ ನಮೂನೆಗಳನ್ನು ಹದಗೊಳಿಸುವುದನ್ನೇ ಒಂದು ಪೂರ್ಣ ಉದ್ಯೋಗವನ್ನಾಗಿ ಬ್ರಿಟನ್ ಸರ್ಕಾರವು ಬೆಳೆಸಿದೆ. ಈ ಕೆಲಸ ಮಾಡುವವರನ್ನು ಇಂಟರಾಕ್ಷನ್ ಡಿಸೈನರ್ ಎಂದು ಕರೆಯುತ್ತಾರೆ. ಅವರ ಕೆಲಸದ ಬಗೆ, ಅದರಿಂದಾದ ಪ್ರಯೋಜನ, ಅಲ್ಲಿನ ರೈತರ ವಿಷಯದಲ್ಲಿ ಆದ ಒಂದು ದೊಡ್ಡ ಎಡವಟ್ಟು ಮತ್ತು ಅದರಿಂದ ನಮ್ಮಲ್ಲಿ ಕಲಿಯಬಹುದಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ ಮೊದಲು ಒಂದೊಂದು ಇಲಾಖೆಯೂ ತನ್ನದೇ ಆದ ಅಂತರಜಾಲ ತಾಣವನ್ನು ನಡೆಸುತ್ತಿತ್ತು. ಒಂದರಲ್ಲಿದ್ದ ಕ್ರಮ ಇನ್ನೊಂದರಲ್ಲಿ ಇರುತ್ತಿರಲಿಲ್ಲ. 2010ರಲ್ಲಿ ಮಾರ್ಥಾ ಲೇನ್ ಫಾಕ್ಸ್ ಅವರು ಸರ್ಕಾರಕ್ಕೆ ವರದಿಯೊಂದನ್ನು ಸಲ್ಲಿಸಿ, ಇವನ್ನೆಲ್ಲ ಒಂದೇ ಸೂರಿನಡಿ ತರಬೇಕೆಂದು ಸಲಹೆ ಮಾಡಿದರು. ಅದರಂತೆ 2011ರಲ್ಲಿ ಕ್ಯಾಬಿನೆಟ್ ಕಚೇರಿಯ ಅಡಿಯಲ್ಲಿ ಗವರ್ನ್‌ಮೆಂಟ್ ಡಿಜಿಟಲ್ ಸರ್ವಿಸ್ ಎಂಬ ಘಟಕವು ಸ್ಥಾಪನೆಯಾಯಿತು. 2012ರ ಅಕ್ಟೋಬರ್ 17ರಂದು ಗವ್.ಯುಕೆ ಎಂಬ ಒಂದೇ ತಾಣವು ಹಳೆಯ ಎರಡು ದೊಡ್ಡ ತಾಣಗಳ ಸ್ಥಾನದಲ್ಲಿ ಬಂದಿತು. 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಇದಕ್ಕೆ ವರ್ಷದ ಉತ್ತಮ ವಿನ್ಯಾಸ ಪ್ರಶಸ್ತಿಯನ್ನು ನೀಡಿತು.

ಈ ತಾಣದಲ್ಲಿ ಬಣ್ಣ, ಚಿತ್ರ, ಅಲಂಕಾರಗಳು ತೀರ ಕಡಿಮೆ. ಅಕ್ಷರಗಳು ದಪ್ಪವಾಗಿ, ಸ್ಪಷ್ಟವಾಗಿವೆ. ಇವುಗಳ ಮೂಲ ಬ್ರಿಟನ್ನಿನ ರಸ್ತೆ ಫಲಕಗಳಲ್ಲಿದೆ. ವೇಗವಾಗಿ ಹೋಗುವ ವಾಹನದಿಂದಲೂ ಓದಲು ಬರುವಂತೆ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ವಿನ್ಯಾಸಕಾರರು ಅಲ್ಲಿನ ಫಲಕಗಳ ಅಕ್ಷರಗಳನ್ನು ರೂಪಿಸಿದ್ದರು. ರಸ್ತೆಯಲ್ಲಿ ದನಗಳಿವೆ ಎಂದು ಎಚ್ಚರಿಸುವ ಫಲಕದ ಹಸುವನ್ನು ಕ್ಯಾಲ್ವರ್ಟ್ ಅವರು ವಾರಿಕ್‌ಷೈರಿನ ತಮ್ಮ ಬಂಧುಗಳ ಹೊಲಮನೆಯ ಪೇಷನ್ಸ್ ಎಂಬ ಹಸುವನ್ನು ನೆನಪಿಟ್ಟುಕೊಂಡು ಬರೆದರು. ಅವರೇ ಹೆನ್ರಿಕ್ ಕುಬೆಲ್ ಅವರೊಡನೆ ಸೇರಿ ಆ ಅಕ್ಷರಗಳನ್ನು ಹೊಸದಾಗಿ ತಿದ್ದಿಕೊಟ್ಟರು. ನ್ಯೂ ಟ್ರಾನ್ಸ್‌ಪೋರ್ಟ್ ಎಂಬ ಹೆಸರಿನ ಈ ಅಕ್ಷರಗಳೇ ಸರ್ಕಾರಿ ತಾಣದಲ್ಲಿ ಬಳಕೆಗೆ ಬಂದವು.

ವಿನ್ಯಾಸಕಾರ ಎಂದರೆ ಯಾರು?

ವಿನ್ಯಾಸ ಎಂದೊಡನೆ ಚಿತ್ರ ಬರೆಯುವುದು, ಬಣ್ಣ ಹಚ್ಚುವುದು ಎಂದು ತಿಳಿಯುವುದು ಸಾಮಾನ್ಯ. ಇಲ್ಲಿ ಅದು ಸಣ್ಣ ಭಾಗ ಮಾತ್ರ. ಅರ್ಜಿದಾರನಿಗೆ ಮೊದಲು ಯಾವ ಪ್ರಶ್ನೆ ಕೇಳಬೇಕು, ಅವನ ಉತ್ತರವನ್ನು ನೋಡಿ ಮುಂದೆ ಯಾವುದನ್ನು ಕೇಳಬೇಕು ಅಥವಾ ಬಿಡಬೇಕು, ತಪ್ಪಿದಾಗ ಏನು ಹೇಳಬೇಕು, ಕೊನೆಯಲ್ಲಿ ಅವನ ಕೈಗೆ ಏನು ಕೊಡಬೇಕು ಎಂಬುದನ್ನು ನಿರ್ಧರಿಸುವುದೇ ಮುಖ್ಯ ಕೆಲಸ.

ವಿನ್ಯಾಸಕಾರನು ಒಬ್ಬನೇ ಕೆಲಸ ಮಾಡುವುದಿಲ್ಲ. ಜನರನ್ನು ಭೇಟಿಯಾಗಿ ಅವರ ಕಷ್ಟಗಳನ್ನು ಅರಿಯುವ ಬಳಕೆದಾರ ಸಂಶೋಧಕ, ಪರದೆಯ ಮೇಲಿನ ಮಾತುಗಳನ್ನು ಬರೆಯುವ ಬರಹ ವಿನ್ಯಾಸಕಾರ, ಕಚೇರಿ, ದೂರವಾಣಿ, ಕಾಗದ ಎಲ್ಲವನ್ನೂ ಸೇರಿಸಿ ಇಡೀ ಸೇವೆಯನ್ನು ನೋಡುವ ಸೇವಾ ವಿನ್ಯಾಸಕಾರ, ಗಣಕಯಂತ್ರದ ತಂತ್ರಜ್ಞರು, ಕಾರ್ಯನೀತಿಯ ಅಧಿಕಾರಿಗಳು ಒಂದು ತಂಡವಾಗಿ ದುಡಿಯುತ್ತಾರೆ.

ಕೆಲಸದ ಹಂತಗಳು

ಹೊಸ ತಳಿಯೊಂದು ಸಂಶೋಧನಾ ಕೇಂದ್ರದಿಂದ ನೇರವಾಗಿ ರೈತರ ಹೊಲಕ್ಕೆ ಬರುವುದಿಲ್ಲ. ಪ್ರಯೋಗ ತಾಕಿನಲ್ಲಿ ಬೆಳೆದು, ಹಲವು ಸ್ಥಳಗಳಲ್ಲಿ ಪರೀಕ್ಷಿಸಿ, ರೈತರ ಹೊಲಗಳಲ್ಲೇ ಪ್ರಾತ್ಯಕ್ಷಿಕೆ ನಡೆಸಿದ ಮೇಲೆ ಬಿಡುಗಡೆ ಮಾಡಲಾಗುತ್ತದೆ. ಬ್ರಿಟನ್ನಿನ ಸರ್ಕಾರಿ ಸೇವೆಗಳೂ ಹೆಚ್ಚುಕಡಿಮೆ ಇದೇ ರೀತಿ ನಾಲ್ಕು ಹಂತಗಳನ್ನು ದಾಟಬೇಕು.

1. ಶೋಧನೆಯ ಹಂತ: ಜನರಿಗೆ ನಿಜವಾಗಿ ಏನು ಬೇಕು, ಈಗ ಎಲ್ಲಿ ತೊಡಕಾಗಿದೆ ಎಂಬುದನ್ನು ತಿಳಿಯಲಾಗುತ್ತದೆ. ಈ ಹಂತದಲ್ಲಿ ಏನನ್ನೂ ಕಟ್ಟುವುದಿಲ್ಲ.

2. ಆಲ್ಫಾ ಹಂತ: ಬೇರೆ ಬೇರೆ ಮಾದರಿಗಳನ್ನು ಮಾಡಿ ಜನರ ಮುಂದಿಟ್ಟು ನೋಡಲಾಗುತ್ತದೆ. ಇವು ಎಸೆಯಲೆಂದೇ ಮಾಡಿದ ಮಾದರಿಗಳು. ಕಾಗದದ ಮೇಲೆ ಗೀಚಿದ್ದೂ ಆಗಬಹುದು, ಪರದೆಯ ಮೇಲೆ ನಿಜವಾದಂತೆಯೇ ಕಾಣುವುದೂ ಆಗಬಹುದು.

3. ಬೀಟಾ ಹಂತ: ಗೆದ್ದ ಮಾದರಿಯನ್ನು ನಿಜವಾಗಿ ಕಟ್ಟಿ, ಮೊದಲು ಕೆಲವೇ ಜನರಿಗೆ, ಅನಂತರ ಎಲ್ಲರಿಗೂ ಕೊಡಲಾಗುತ್ತದೆ.

4. ಲೈವ್ ಹಂತ: ಸೇವೆ ಪೂರ್ಣವಾಗಿ ನಡೆಯುತ್ತದೆ. ಆದರೆ ತಿದ್ದುವ ಕೆಲಸ ನಿಲ್ಲುವುದಿಲ್ಲ.

ದೊಡ್ಡ ಸೇವೆಗಳು ಹಂತದಿಂದ ಹಂತಕ್ಕೆ ಹೋಗುವಾಗ ಹೊರಗಿನ ತಜ್ಞರ ಸಮಿತಿಯೊಂದು ಪರಿಶೀಲಿಸುತ್ತದೆ. ಇದಕ್ಕಾಗಿ 2014ರ ಏಪ್ರಿಲಿನಿಂದ ಸೇವಾ ಮಾನದಂಡವೊಂದು ಜಾರಿಗೆ ಬಂದಿತು. 2019ರಲ್ಲಿ ಇದನ್ನು ಪರಿಷ್ಕರಿಸಿ 14 ಅಂಶಗಳನ್ನಾಗಿ ಮಾಡಲಾಯಿತು. ಬಳಕೆದಾರರ ಅಗತ್ಯವನ್ನು ಅರಿತಿರಬೇಕೆಂಬುದು ಇವುಗಳಲ್ಲಿ ಮೊದಲನೆಯದು.

ಜನರ ಮುಂದಿಟ್ಟು ನೋಡುವುದು ಎಂದರೆ ಅಭಿಪ್ರಾಯ ಕೇಳುವುದಲ್ಲ. ಅರ್ಜಿ ತುಂಬಬೇಕಾದ ವ್ಯಕ್ತಿಯನ್ನೇ ಕೂರಿಸಿ, ಕೆಲಸ ಕೊಟ್ಟು, ಸುಮ್ಮನೆ ನೋಡುವುದು. ಅವನು ಎಲ್ಲಿ ನಿಂತ, ಯಾವ ಮಾತನ್ನು ಎರಡು ಸಲ ಓದಿದ, ಎಲ್ಲಿ ತಪ್ಪು ಗುಂಡಿ ಒತ್ತಿದ ಎಂಬುದನ್ನು ಬರೆದುಕೊಳ್ಳುವುದು. ಒಂದು ಸುತ್ತಿಗೆ ಐದಾರು ಜನ ಸಾಕಾಗುತ್ತಾರೆ. ಮೂವರು ಒಂದೇ ಕಡೆ ಎಡವಿದರೆ ತಪ್ಪು ಅವರದಲ್ಲ, ನಮೂನೆಯದು ಎಂದು ತಿಳಿದು ತಿದ್ದಿ ಮತ್ತೆ ಪರೀಕ್ಷಿಸಲಾಗುತ್ತದೆ.

ಪ್ರತಿ ಪ್ರಶ್ನೆಗೂ ಕಾರಣ ಬೇಕು

ಹಳೆಯ ನಮೂನೆಗಳಲ್ಲಿ ಯಾವ ಕಾಲದಲ್ಲೋ ಸೇರಿಸಿದ ಪ್ರಶ್ನೆಗಳು ಕಳೆಯಂತೆ ಉಳಿದುಕೊಂಡಿರುತ್ತವೆ. ಇವನ್ನು ಕೀಳಲು ಒಂದು ಕ್ರಮವಿದೆ. ನಮೂನೆಗಳ ವಿಷಯದಲ್ಲಿ ತಜ್ಞೆಯಾದ ಕ್ಯಾರೊಲಿನ್ ಜಾರೆಟ್ ಅವರು ಇದನ್ನು ಬಳಕೆಗೆ ತಂದವರಲ್ಲಿ ಮುಖ್ಯರು. ಅರ್ಜಿಯ ಪ್ರತಿಯೊಂದು ಪ್ರಶ್ನೆಯನ್ನೂ ಪಟ್ಟಿ ಮಾಡಿ, ಅದರ ಮುಂದೆ ಈ ಸಂಗತಿಗಳನ್ನು ಬರೆಯಬೇಕು:

- ಈ ಉತ್ತರವನ್ನು ಕಚೇರಿಯಲ್ಲಿ ಯಾರು ಬಳಸುತ್ತಾರೆ?
- ಯಾವ ಕೆಲಸಕ್ಕೆ ಬಳಸುತ್ತಾರೆ?
- ಎಲ್ಲರೂ ಉತ್ತರಿಸಲೇಬೇಕೇ, ಕೆಲವರು ಸಾಕೇ?
- ಉತ್ತರ ತಪ್ಪಾಗಿದ್ದರೆ ಏನಾಗುತ್ತದೆ?

ಯಾರೂ ಬಳಸದ ಉತ್ತರಕ್ಕೆ ಪ್ರಶ್ನೆಯೂ ಬೇಡ. ಇದು ಕೇಳಲು ಸುಲಭ, ಮಾಡಲು ಕಷ್ಟ. ಇರಲಿ, ಮುಂದೆ ಬೇಕಾದೀತು ಎನ್ನುವ ಅಧಿಕಾರಿಗಳನ್ನು ಒಪ್ಪಿಸುವುದರಲ್ಲೇ ವಿನ್ಯಾಸಕಾರನ ಬಹಳಷ್ಟು ಸಮಯ ಕಳೆಯುತ್ತದೆ.

ಪರದೆಯ ಮೇಲಿನ ಕ್ರಮಗಳು

ಒಬ್ಬರು ಪರೀಕ್ಷಿಸಿ ಕಂಡುಕೊಂಡದ್ದು ಎಲ್ಲ ಇಲಾಖೆಗಳಿಗೂ ಸಿಗಲಿ ಎಂದು 2018ರ ಜೂನಿನಲ್ಲಿ ಗವ್.ಯುಕೆ ಡಿಸೈನ್ ಸಿಸ್ಟಮ್ ಎಂಬ ಸಂಗ್ರಹವನ್ನು ಬಿಡುಗಡೆ ಮಾಡಲಾಯಿತು. ಇದನ್ನು ಯಾರು ಬೇಕಾದರೂ ನೋಡಬಹುದು. ಅದರ ಮುಖ್ಯ ಕ್ರಮಗಳು ಹೀಗಿವೆ.

1. ಒಂದು ಪುಟಕ್ಕೆ ಒಂದು ವಿಷಯ: ಇಪ್ಪತ್ತು ಪ್ರಶ್ನೆಗಳನ್ನು ಒಂದೇ ಪುಟದಲ್ಲಿ ತುಂಬುವ ಬದಲು ಒಂದೊಂದಾಗಿ ಕೇಳಬೇಕು. ಸಣ್ಣ ಮೊಬೈಲಿನಲ್ಲಿ ಇದು ಸುಲಭ. ಜನ ಎಲ್ಲಿ ನಿಲ್ಲುತ್ತಾರೆಂಬುದೂ ಕಚೇರಿಗೆ ತಿಳಿಯುತ್ತದೆ.

2. ಹೆಸರು: ಸಾಧ್ಯವಾದಲ್ಲೆಲ್ಲ ಪೂರ್ಣ ಹೆಸರಿಗೆ ಒಂದೇ ಮನೆ ಇರಬೇಕು. ಮೊದಲ ಹೆಸರು, ಮನೆತನದ ಹೆಸರು ಎಂಬ ವಿಂಗಡಣೆ ಎಲ್ಲ ಜನರಿಗೂ ಹೊಂದುವುದಿಲ್ಲ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುವ ಕನ್ನಡಿಗರು ವಿದೇಶಗಳಲ್ಲಿ ಇದರಿಂದ ಪಡುವ ಪಾಡು ಹಲವರಿಗೆ ಗೊತ್ತಿದೆ.

3. ದಿನಾಂಕ: ಹುಟ್ಟಿದ ದಿನಕ್ಕೆ ದಿನ, ತಿಂಗಳು, ವರ್ಷ ಎಂದು ಮೂರು ಮನೆಗಳು. ಅರುವತ್ತು ವರ್ಷದವನು ಪಂಚಾಂಗದ ಚಿತ್ರದಲ್ಲಿ ತಿಂಗಳು ತಿಂಗಳಾಗಿ ಹಿಂದಕ್ಕೆ ಸರಿಯುವಂತೆ ಮಾಡಬಾರದು.

4. ಸಂಖ್ಯೆಗಳು: ದೂರವಾಣಿ ಅಥವಾ ಖಾತೆ ಸಂಖ್ಯೆಯ ನಡುವೆ ಜಾಗ ಬಿಟ್ಟು ಬರೆದರೂ ಯಂತ್ರವೇ ಅದನ್ನು ಸರಿಪಡಿಸಿಕೊಳ್ಳಬೇಕು.

5. ತಪ್ಪಿನ ಸೂಚನೆ: ಅಮಾನ್ಯ ಎಂದಷ್ಟೇ ಹೇಳಿದರೆ ಸಾಲದು. ಯಾವ ಮನೆಯಲ್ಲಿ ತಪ್ಪಾಗಿದೆ, ಏನು ಬರೆಯಬೇಕು ಎಂಬುದನ್ನು ಪುಟದ ಮೇಲ್ಭಾಗದಲ್ಲೂ ಆ ಮನೆಯ ಪಕ್ಕದಲ್ಲೂ ತೋರಿಸಬೇಕು. ತುಂಬಿದ ಉಳಿದ ಉತ್ತರಗಳು ಅಳಿಸಿಹೋಗಬಾರದು.

6. ಸರಿನೋಡುವ ಪುಟ: ಕಳುಹಿಸುವ ಮೊದಲು ಎಲ್ಲ ಉತ್ತರಗಳನ್ನು ಒಂದೆಡೆ ತೋರಿಸಿ, ತಿದ್ದಲು ಅವಕಾಶ ಕೊಡಬೇಕು.

7. ಸ್ವೀಕೃತಿ: ಅರ್ಜಿ ತಲುಪಿದೆಯೆಂದು ತಿಳಿಸಿ, ಗುರುತಿನ ಸಂಖ್ಯೆ ಇದ್ದರೆ ಅದನ್ನು ಕೊಟ್ಟು, ಮುಂದೆ ಏನಾಗುತ್ತದೆ, ಎಷ್ಟು ದಿನ ಬೇಕು ಎಂಬುದನ್ನು ಹೇಳಬೇಕು.

ಕಣ್ಣು ಕಾಣದವರು ಪರದೆಯನ್ನು ಓದಿಸಿ ಕೇಳುವ ಸಾಧನದಿಂದ, ಕೈ ನಡುಗುವವರು ಕೀಲಿಮಣೆಯಿಂದಲೇ ಈ ನಮೂನೆಗಳನ್ನು ತುಂಬಲು ಬರುವಂತಿರಬೇಕು. ಬ್ರಿಟನ್ನಿನಲ್ಲಿ 2018ರಿಂದ ಸಾರ್ವಜನಿಕ ಸಂಸ್ಥೆಗಳ ತಾಣಗಳಿಗೆ ಇದಕ್ಕಾಗಿಯೇ ಪ್ರತ್ಯೇಕ ನಿಯಮಗಳಿವೆ.

2015ರ ಪಾಠ

ಇಷ್ಟೆಲ್ಲ ಕ್ರಮಗಳಿದ್ದ ದೇಶದಲ್ಲೇ ರೈತರ ಅರ್ಜಿಯೊಂದು ದೊಡ್ಡ ರೀತಿಯಲ್ಲಿ ಕೆಟ್ಟಿತು ಎಂಬುದು ಗಮನಿಸಬೇಕಾದ ವಿಷಯ.

ಆಗ ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿತ್ತು. ಒಕ್ಕೂಟದ ಸಾಮಾನ್ಯ ಕೃಷಿ ನೀತಿಯಂತೆ ರೈತರಿಗೆ ಅವರ ಭೂಮಿಯ ವಿಸ್ತೀರ್ಣಕ್ಕೆ ತಕ್ಕಂತೆ ಪ್ರತಿ ವರ್ಷ ಹಣ ಸಂದಾಯವಾಗುತ್ತಿತ್ತು. 2015ರಿಂದ ಹೊಸ ನಿಯಮಗಳು ಬಂದವು. ಉಳುಮೆ ಭೂಮಿ 30 ಹೆಕ್ಟೇರಿಗಿಂತ, ಎಂದರೆ ಸುಮಾರು 75 ಎಕರೆಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮೂರು ಬೆಳೆಗಳಿರಬೇಕು. 15 ಹೆಕ್ಟೇರಿಗಿಂತ ಹೆಚ್ಚಿದ್ದರೆ ಶೇಕಡಾ 5ರಷ್ಟನ್ನು ಪರಿಸರಕ್ಕಾಗಿ ಮೀಸಲಿಡಬೇಕು. ಹೊಲದ ಬದುವಿನ ಜೀವಂತ ಬೇಲಿಗಳನ್ನೂ ಇದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾಗಿತ್ತು. ಆದುದರಿಂದ ಹೊಲದ ಎಲ್ಲೆ, ಬೆಳೆ, ಬೇಲಿಗಳ ವಿವರಗಳು ನಕ್ಷೆಯಲ್ಲಿ ಸರಿಯಾಗಿ ಕಾಣಬೇಕಾಗಿತ್ತು.

ಇಂಗ್ಲೆಂಡಿನ ಗ್ರಾಮೀಣ ಪಾವತಿ ಸಂಸ್ಥೆಯು ಇದನ್ನೆಲ್ಲ ರೈತರೇ ಅಂತರಜಾಲದ ನಕ್ಷೆಯ ಮೇಲೆ ಗುರುತಿಸುವಂತೆ ಹೊಸ ವ್ಯವಸ್ಥೆಯನ್ನು ತಂದಿತು. ಆದರೆ ನಕ್ಷೆ ಬಹಳ ನಿಧಾನವಾಗಿತ್ತು. ಹಳ್ಳಿಗಳಲ್ಲಿ ಅಂತರಜಾಲದ ಸಂಪರ್ಕವೂ ದುರ್ಬಲ. ಅಲ್ಲಿನ ಜಮೀನು ಹಿಡುವಳಿದಾರರಲ್ಲಿ ಬಹುಮಂದಿ ಅರುವತ್ತರ ಆಸುಪಾಸಿನವರು. ಅರ್ಜಿಯ ಅವಧಿ ಹತ್ತಿರವಾಗುತ್ತಿದ್ದಂತೆ, 2015ರ ಮಾರ್ಚ್‌ನಲ್ಲಿ ನಕ್ಷೆಯ ಭಾಗವನ್ನು ಕೈಬಿಟ್ಟು ರೈತರಿಗೆ ಕಾಗದದ ನಮೂನೆಗಳನ್ನು ಕೊಡಬೇಕಾಯಿತು. ಮೇ 15 ಇದ್ದ ಕೊನೆಯ ದಿನವನ್ನು ಜೂನ್ 15ಕ್ಕೆ ಮುಂದೂಡಲಾಯಿತು. ಬಂದ ಕಾಗದಗಳಲ್ಲಿದ್ದ ವಿವರಗಳನ್ನು ಸಿಬ್ಬಂದಿಯೇ ಕೈಯಾರೆ ಯಂತ್ರಕ್ಕೆ ಸೇರಿಸಬೇಕಾಯಿತು.

ಪಾವತಿಯ ಮೊದಲ ದಿನವಾದ 2015ರ ಡಿಸೆಂಬರ್ 1ರಂದು ಹಣ ಸಿಕ್ಕಿದ್ದು ಶೇಕಡಾ 38ರಷ್ಟು ರೈತರಿಗೆ ಮಾತ್ರ. ಹಿಂದಿನ ವರ್ಷಗಳಲ್ಲಿ ಹೆಚ್ಚಿನವರಿಗೆ ಆ ಹೊತ್ತಿಗೆ ಹಣ ತಲುಪುತ್ತಿತ್ತು. ಬೀಜ, ಗೊಬ್ಬರ, ಮೇವಿನ ಬಾಕಿ ತೀರಿಸಲು ಈ ಹಣವನ್ನೇ ನಂಬಿದ್ದವರ ಪರಿಸ್ಥಿತಿಯನ್ನು ಊಹಿಸಬಹುದು. 15.5 ಕೋಟಿ ಪೌಂಡ್ ಎಂದು ಅಂದಾಜಿಸಿದ್ದ ಕಾರ್ಯಕ್ರಮದ ವೆಚ್ಚ 21.5 ಕೋಟಿ ಪೌಂಡಿಗೆ ಏರಿತೆಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು ಅದೇ ಡಿಸೆಂಬರಿನ ವರದಿಯಲ್ಲಿ ತಿಳಿಸಿತು. ಇಲಾಖೆ, ಪಾವತಿ ಸಂಸ್ಥೆ, ಡಿಜಿಟಲ್ ಸರ್ವಿಸ್ ಇವು ಹೊಂದಿಕೊಂಡು ಕೆಲಸ ಮಾಡಲಿಲ್ಲ, ಕಾರ್ಯಕ್ರಮದ ಮುಖ್ಯಸ್ಥರು ಪದೇ ಪದೇ ಬದಲಾದರು ಎಂಬುದೂ ಅಲ್ಲಿ ಹೊರಬಂದಿತು. 2016ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇದನ್ನು ಕಟುವಾಗಿ ಟೀಕಿಸಿತು.

ಇದರಿಂದ ತಿಳಿಯುವ ಮಾತುಗಳು ಎರಡು. ಮೊದಲನೆಯದು, ಪರದೆಯ ಮುಂಭಾಗ ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಲೆಕ್ಕ, ನಕ್ಷೆ, ಪಾವತಿಗಳು ಅದಕ್ಕೆ ಕೂಡಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ಎರಡನೆಯದು, ಕಾಗದ ಮತ್ತು ದೂರವಾಣಿಯ ದಾರಿಯನ್ನು ಮೊದಲಿನಿಂದಲೇ ಸಿದ್ಧವಾಗಿಡಬೇಕು. ಯಂತ್ರ ಕೆಟ್ಟ ಮೇಲೆ ಹುಡುಕಿದರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗುತ್ತದೆ.

ಹಿರಿಯ ವಿನ್ಯಾಸಕಾರನ ಹೊಣೆ

ಈ ಉದ್ಯೋಗದಲ್ಲಿ ಕಿರಿಯ, ಸಾಮಾನ್ಯ, ಹಿರಿಯ, ಮುಖ್ಯ ಎಂಬ ದರ್ಜೆಗಳಿವೆ. ಕಿರಿಯನು ಹೇಳಿದ ಪುಟವನ್ನು ಮಾಡುತ್ತಾನೆ. ಹಿರಿಯನು ಹೆಚ್ಚಿನ ನೆರವಿಲ್ಲದೆ ಕಠಿಣವಾದ ಸೇವೆಯೊಂದರ ವಿನ್ಯಾಸವನ್ನು ನಿಭಾಯಿಸುವುದಲ್ಲದೆ ಕಿರಿಯರಿಗೆ ದಾರಿ ತೋರಿಸುತ್ತಾನೆ. ಅವನ ಕೆಲಸ ಬಹುಪಾಲು ಪರದೆಯ ಹೊರಗೇ ನಡೆಯುತ್ತದೆ. ಕಾನೂನಿನ ಅಧಿಕಾರಿಯ ಜೊತೆ ಕುಳಿತು ನಿಯಮದ ಮಾತನ್ನು ಆಡುಮಾತಿಗೆ ತರಬೇಕು. ಮಾದರಿ ಪರೀಕ್ಷೆಯಲ್ಲಿ ಸೋತಾಗ ತಾನೇ ಮಾಡಿದ್ದಾದರೂ ಬಿಟ್ಟುಬಿಡಬೇಕು. ದಿನಾಂಕ ಗೊತ್ತುಪಡಿಸಿಯಾಗಿದೆ, ಹೇಗಾದರೂ ಬಿಡುಗಡೆ ಮಾಡಿ ಎಂಬ ಒತ್ತಡ ಬಂದಾಗ, ಪರೀಕ್ಷೆಯಲ್ಲಿ ಎಷ್ಟು ಜನ ಎಲ್ಲಿ ಎಡವಿದರು ಎಂಬ ಪುರಾವೆಯನ್ನು ಮುಂದಿಟ್ಟು ಇನ್ನೂ ಹದವಾಗಿಲ್ಲ ಎಂದು ಹೇಳುವ ಧೈರ್ಯವಿರಬೇಕು. ಹಸಿ ನೆಲದಲ್ಲಿ ನೇಗಿಲು ಹೂಡಿದರೆ ಹೆಂಟೆಯೇಳುವಂತೆ, ಹದವಾಗದ ಸೇವೆಯನ್ನು ಬಿಟ್ಟರೆ ಅದರ ಕಷ್ಟ ವರ್ಷಗಟ್ಟಲೆ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಿ

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. 2000ದ ಸುಮಾರಿನಲ್ಲಿ ಆರಂಭವಾದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಕೊಡುವ ಏರ್ಪಾಟಾಯಿತು. ಅಲ್ಲಿನ ಒಂದು ಸಣ್ಣ ಏರ್ಪಾಡು ಗಮನಾರ್ಹ. ಕೇಂದ್ರದಲ್ಲಿ ಸಿಬ್ಬಂದಿಯ ಪರದೆಯಲ್ಲದೆ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೂ ಇತ್ತು. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ರೈತ ಕಣ್ಣಾರೆ ನೋಡಬಹುದಾಗಿತ್ತು. ಇದು ಒಳ್ಳೆಯ ವಿನ್ಯಾಸಕ್ಕೆ ಒಂದು ಉತ್ತಮ ಉದಾಹರಣೆ. ಸರ್ಕಾರಿ ತಾಣಗಳು ಹೇಗಿರಬೇಕೆಂಬ ಮಾರ್ಗಸೂಚಿಗಳನ್ನು ಭಾರತ ಸರ್ಕಾರವೂ 2009ರಲ್ಲಿ ಮೊದಲ ಬಾರಿಗೆ ಹೊರತಂದಿತು.

ಈಗ ಫ್ರೂಟ್ಸ್ ನೋಂದಣಿ, ರೈತರೇ ಫೋಟೋ ತೆಗೆದು ಸೇರಿಸುವ ಬೆಳೆ ಸಮೀಕ್ಷೆ ಮುಂತಾದವು ರೈತನ ಕೈಗೇ ಬಂದಿವೆ. ಬಿಸಿಲಿನಲ್ಲಿ ಪರದೆ ಕಾಣದಿರುವುದು, ಹೊಲದಲ್ಲಿ ಸಿಗ್ನಲ್ ಇಲ್ಲದಿರುವುದು, ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ರೀತಿ ಹೆಸರಿರುವುದು ಇವೆಲ್ಲ ಕಚೇರಿಯಲ್ಲಿ ಕುಳಿತವರಿಗೆ ತಾವಾಗಿ ಹೊಳೆಯುವುದಿಲ್ಲ. ಹೊಲಕ್ಕೆ ಬಂದು ನೋಡಿದವರಿಗೇ ತಿಳಿಯುತ್ತವೆ.

ರೈತರು ಗಮನಿಸಬೇಕಾದ ಅಂಶಗಳು

1. ಅರ್ಜಿ ಆರಂಭಿಸುವ ಮೊದಲು ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಸರ್ವೆ ಮತ್ತು ಹಿಸ್ಸಾ ಸಂಖ್ಯೆ, ಫ್ರೂಟ್ಸ್ ಗುರುತಿನ ಸಂಖ್ಯೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಇವನ್ನು ಹತ್ತಿರವಿಟ್ಟುಕೊಳ್ಳಬೇಕು.

2. ಬೇರೆಯವರಿಂದ ತುಂಬಿಸುವಾಗ ಪರದೆಯನ್ನು ತಮ್ಮ ಕಡೆಗೆ ತಿರುಗಿಸುವಂತೆ ಕೇಳಬೇಕು. ಹೆಸರು, ಸರ್ವೆ ನಂಬರು, ಖಾತೆ ಸಂಖ್ಯೆಗಳನ್ನು ಓದಿಸಿ ಕೇಳಿಕೊಂಡ ಮೇಲೆಯೇ ಕಳುಹಿಸಲು ಒಪ್ಪಬೇಕು.

3. ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು. ಸಾಧ್ಯವಾದರೆ ಅಚ್ಚಿನ ಪ್ರತಿಯನ್ನೂ ಪಡೆಯಬೇಕು.

4. ದಾಖಲೆಗಳಲ್ಲಿ ಹೆಸರಿನ ವ್ಯತ್ಯಾಸವಿದ್ದರೆ ಕೊನೆಯ ದಿನದವರೆಗೆ ಕಾಯದೆ ಬೇಸಿಗೆಯ ಬಿಡುವಿನಲ್ಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

5. ಮೊಬೈಲಿಗೆ ಬರುವ ಒಟಿಪಿ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಾರದು.

6. ಅರ್ಜಿ ಮುಂದೆ ಹೋಗದೆ ನಿಂತರೆ ಪರದೆಯ ಮೇಲೆ ಬಂದ ಮಾತನ್ನು ಹಾಗೆಯೇ ಬರೆದುಕೊಂಡು ಅಥವಾ ಫೋಟೋ ತೆಗೆದು ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಬೇಕು. ಆಗಲಿಲ್ಲ ಎಂದಷ್ಟೇ ಹೇಳಿದರೆ ತಿದ್ದುವವರಿಗೆ ಸಹಾಯವಾಗದು.

7. ಹೊಸ ಆ್ಯಪ್ ಅಥವಾ ನಮೂನೆಯನ್ನು ಪರೀಕ್ಷಿಸಲು ಇಲಾಖೆಯವರು ಹಳ್ಳಿಗೆ ಬಂದಾಗ ಹಿಂಜರಿಯದೆ ಭಾಗವಹಿಸಬೇಕು. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳುವುದರಲ್ಲಿ ಸಂಕೋಚ ಬೇಡ. ಓದು ಬರಹ ಕಡಿಮೆ ಇರುವವರು, ವಯಸ್ಸಾದವರು ಮತ್ತು ರೈತ ಮಹಿಳೆಯರು ಇದರಲ್ಲಿ ಸೇರುವುದು ಅತ್ಯವಶ್ಯಕ.

ಹೊಲದಲ್ಲಿ ಒಂದು ಸುತ್ತು ಹೊಡೆದು ನೋಡಿದ ಮೇಲೆ ಬಡಗಿಯು ಕೂರಿಗೆಯನ್ನು ಮತ್ತೊಮ್ಮೆ ತಿದ್ದಿಕೊಡುತ್ತಾನೆ. ಎಲ್ಲಿ ಬೀಜ ಬೀಳಲಿಲ್ಲ, ಎಲ್ಲಿ ಸಾಲು ತಪ್ಪಿತು ಎಂದು ಹೇಳಬೇಕಾದವನು ಬಿತ್ತಿದ ರೈತನೇ. ಸರ್ಕಾರದ ಅರ್ಜಿಗಳ ವಿಷಯದಲ್ಲೂ ರೈತ ಬಾಂಧವರು ಹೀಗೆಯೇ ತಮ್ಮ ಅನುಭವವನ್ನು ಸಂಬಂಧಪಟ್ಟವರಿಗೆ ತಿಳಿಸಿದಲ್ಲಿ, ಮುಂದಿನ ಹಂಗಾಮಿನ ಅರ್ಜಿಯಾದರೂ ಕೈಗೆ ಒಗ್ಗುವಂತೆ ಬರಲು ಸಾಧ್ಯ.